ಬಿಟ್ಟಲ್ಲಿಂದ ಮುಂದೆ

ಇಪ್ಪತ್ತನಾಲ್ಕನೇ ತಾರೀಖು, ಮಂಗಳವಾರ
ಮಧ್ಯಾಹ್ನ, ಊಟದ ತಟ್ಟೆ ತೊಳೆದಿಟ್ಟು

ಗುಲಗಂಜಿಯ ಅಮ್ಮನಿಗೆ,

ಹೀಗೆ ಕರೆದರೆ ನಿನಗೆ ಅಭ್ಯಂತರ ಇರಲಾರದು ಅಂದುಕೊಂಡೆ. ಬೇರೆ ಏನು ಬರೆದರೂ ನೀನು ಕೆಂಪು ಪೆನ್ನು ತೆಗೆದು ಅಂಚಿನಲ್ಲಿ ಪ್ರಶ್ನೆ ಚಿಹ್ನೆ ಹಾಕುವವಳು. ಇಪ್ಪತ್ತು ವರ್ಷ ಪ್ರೆಸ್ಸಿನಲ್ಲಿ ಬೇರೆಯವರ ಕರಡು ತಿದ್ದಿದವಳಿಗೆ ಪತ್ರ ಬರೆಯುವುದೆಂದರೆ ತೂಕ-ಅಳತೆಯ ಇನ್ಸ್‌ಪೆಕ್ಟರನ ಮುಂದೆ ತಕ್ಕಡಿ ಇಟ್ಟ ಹಾಗೆ. ಈ ಒಂದು ಸಂಬಂಧವನ್ನು ಮಾತ್ರ ನೀನೂ ತಿದ್ದಲಾರೆ, ನಾನೂ ತಿದ್ದಲಾರೆ.

ನಿನ್ನ ಪತ್ರ ಹತ್ತನೇ ತಾರೀಖು ಬಂತು. ಮೂರೂವರೆ ವರ್ಷಕ್ಕೆ ನಾಲ್ಕು ಸಾಲು. ನಾನೂ ದೂರುವ ಹಾಗಿಲ್ಲ, ಟಿವಿ ಕಂಪನಿಯವರ ನೋಟೀಸನ್ನು ಒಂದಕ್ಷರ ಸೇರಿಸದೆ ಲಕೋಟೆಗೆ ತುರುಕಿ ಕಳಿಸಿದವನು ನಾನೇ. ಈ ತಿಂಗಳ ಕೊನೆಗೆ ಹಳೆಯ ರೆಕಾರ್ಡಿಂಗ್ ಪೆಟ್ಟಿಗೆಗಳ ಸೇವೆ ನಿಲ್ಲುತ್ತದೆ, ಮೂವತ್ತನೇ ತಾರೀಖು ಸಂಜೆ ಐದಕ್ಕೆ ಆಳು ಬಂದು ಪೆಟ್ಟಿಗೆ ಒಯ್ಯುತ್ತಾನೆ ಎಂಬ ನೋಟೀಸು. ಅದಕ್ಕೆ ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ‘ಅವಳು ರೆಕಾರ್ಡ್ ಮಾಡಿದ್ದನ್ನು ಉಳಿಸಲು ಆಗುತ್ತದೆಯೇ ನೋಡಿ. ಎಲ್ಲ ಆಗದಿದ್ದರೆ ಆ ಕೊನೆಯ ಕಂತು ಒಂದಾದರೂ ಸಾಕು. ನಾವಿಬ್ಬರೂ ಎಲ್ಲಿ ನಿಲ್ಲಿಸಿದ್ದೆವೋ ಆ ಗುರುತು ಕೆಡದಿರಲಿ. ಅಲ್ಲಿಂದ ಮುಂದಕ್ಕೆ ನಾನೊಮ್ಮೆ ನೋಡಬೇಕು.’

‘ನೋಡಿ’ ಎಂದಿದ್ದೀಯ. ಮದುವೆಯಾದ ಮೊದಲ ವಾರವೇ ಬಿಟ್ಟ ಬಹುವಚನ. ಇರಲಿ, ಕೆಲಸದ ವಿಷಯಕ್ಕೆ ಬರುತ್ತೇನೆ.

ಮೊದಲು ಕಂಪನಿಗೆ ಫೋನು ಮಾಡಿದೆ. ಜೇನಿನಂಥ ದನಿಯ ಹುಡುಗಿ. ‘ಸರ್, ಅದ್ರಲ್ಲಿರೋದು ಆ ಬಾಕ್ಸಿಗೆ ಮಾತ್ರ ಅರ್ಥ ಆಗೋದು ಸರ್, ಹೊರಗೆ ತೆಗೆಯಕ್ಕಾಗಲ್ಲ’ ಅಂದಳು. ನನ್ನ ಮನೇಲಿ ನನ್ನ ಮಗಳು ತುಂಬಿಟ್ಟಿದ್ದನ್ನ ನನಗೇ ಕೊಡೋಕಾಗಲ್ವೇನಮ್ಮ ಅಂತ ಕೇಳಿದೆ. ಹೊಸ ಪ್ಲಾನ್ ತಗೊಂಡರೆ ಮೂರು ತಿಂಗಳು ಸಿನಿಮಾ ಚಾನೆಲ್ ಫ್ರೀ ಅಂದಳು. ಮಗಳು ಬರ್ತಾಳಾ ಅದರಲ್ಲಿ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆ ಹುಡುಗಿಯೂ ಯಾರೋ ಬರೆದುಕೊಟ್ಟ ಮಾತು ಓದುತ್ತಿದ್ದಳು. ಕೊನೆಗೆ ‘ಇನ್ನೇನಾದ್ರೂ ಸಹಾಯ ಬೇಕಾ ಸರ್’ ಅಂದಳು. ಬೇಕು ಅಂದೆ. ಅಷ್ಟರಲ್ಲಿ ಲೈನು ಹೋಯಿತು.

ಆಮೇಲೆ ಬೆಸುಗೆ ಮಾವನನ್ನು ಕರೆದೆ. ನಮ್ಮ ಅಂಗಡಿಯ ಎದುರಿನ ಟಿವಿ ರಿಪೇರಿಯವನು. ಗುಲಗಂಜಿ ಇಟ್ಟ ಆ ಹೆಸರು ಈಗ ಅವನ ಬೋರ್ಡಿನ ಮೇಲೂ ಬಂದಿದೆ. ಅವನು ಪೆಟ್ಟಿಗೆಯ ಆರು ತಿರುಪು ಬಿಚ್ಚಿ, ಒಳಗಿನ ಡಿಸ್ಕು ತೆಗೆದು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಅದು ಈ ಡಿಸ್ಕಿನಲ್ಲಿ ಏನೂ ಇಲ್ಲ, ಒರೆಸಿ ಹೊಸದು ಮಾಡಲೇ ಅಂತ ಕೇಳಿತು. ಏನೂ ಇಲ್ಲವಂತೆ. ಅವನ ಬೆರಳು ಗುಂಡಿಯ ಮೇಲಿತ್ತು. ನಾನು ಅವನ ಮುಂಗೈ ಹಿಡಿದುಕೊಂಡೆ. ‘ಬಿಡಪ್ಪ, ಒತ್ತಲ್ಲ. ನನ್ಗೂ ಅಷ್ಟು ಗೊತ್ತಾಗುತ್ತೆ’ ಅಂದ. ಬಿಟ್ಟಾಗ ಅವನ ಕೈ ಮೇಲೆ ನನ್ನ ಐದು ಬೆರಳೂ ಎಣಿಸುವ ಹಾಗೆ ಮೂಡಿದ್ದವು.

ಉಳಿದ ದಾರಿ ಒಂದೇ. ಪೆಟ್ಟಿಗೆಯಿಂದ ಟಿವಿಗೆ ಹೋಗುವ ಹಳದಿ, ಕೆಂಪು, ಬಿಳಿ ತಂತಿಗಳನ್ನು ನಡುವೆ ತಡೆದು ಇನ್ನೊಂದು ರೆಕಾರ್ಡರಿಗೆ ಹಾಯಿಸುವುದು. ಇಲ್ಲಿ ಕಾರ್ಯಕ್ರಮ ಓಡುತ್ತಿರಬೇಕು, ಅಲ್ಲಿ ಅದು ಅಚ್ಚಾಗುತ್ತಿರಬೇಕು. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಕೇಳಿದೆ. ಮಾವ ಹೇಳಿದ: ‘ಒಂದು ಗಂಟೆದಕ್ಕೆ ಒಂದು ಗಂಟೆ. ಇದ್ರಲ್ಲಿ ಜೋರು ನಡೆಯಲ್ಲ. ನಡುನಡುವೆ ಪೆಟ್ಟಿಗೆ ನಿದ್ದೆ ಹೋಗುತ್ತೆ, ಪಕ್ಕ ಕೂತು ಎಬ್ಬಿಸ್ತಾ ಇರ್ಬೇಕು. ನೀನು ಕೂರೋ ಜನವಾ?’

ಅಲ್ಲ. ಅದು ನಿನಗೂ ಗೊತ್ತು, ಬೀದಿಗೂ ಗೊತ್ತು. ಹನ್ನೆರಡನೇ ವಯಸ್ಸಿಗೆ ಐದು ಕಿಲೋದ ತೂಕದ ಬಟ್ಟುಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿಗೆ ತಕ್ಕಡಿ ರಿಪೇರಿ ಅಂತ ಕೂಗಿಕೊಂಡು ಹೋದವನು. ಈಗ ಲಾರಿ ತೂಗುವ ವೇದಿಕೆಗಳವರೆಗೆ ಬಂದಿದ್ದೇನೆ. ಕೂತಿದ್ದರೆ ಬರುತ್ತಿದ್ದೆನೇ ಅಂತ ನಿನ್ನ ಹತ್ತಿರ ಎಷ್ಟು ಸಲ ಹೇಳಿದ್ದೇನೆ. ನೀವಿಬ್ಬರೂ ಸೋಫಾದಿಂದ ಬಾ ಅಂತ ಕರೆದಾಗಲೆಲ್ಲ ಹೇಳಿದ ಮಾತೂ ಅದೇ.

ಒಟ್ಟು ಅರವತ್ತಮೂರು ಕಾರ್ಯಕ್ರಮ. ಕೂಡಿಸಿದೆ: ಎಪ್ಪತ್ತೊಂದು ಗಂಟೆ ಇಪ್ಪತ್ತು ನಿಮಿಷ. ಅಂಗಡಿಯ ಬಾಗಿಲು ಎಳೆದು, ಹದಿಮೂರು ದಿನ ಇರುವುದಿಲ್ಲ ಅಂತ ಚೀಟಿ ಅಂಟಿಸಿದೆ. ನಮ್ಮ ಹಳೆಯ ಮೆಕ್ಯಾನಿಕ್ಕು ಅದನ್ನು ಓದಿ, ಯಾವ ಆಸ್ಪತ್ರೆಗೆ ಸೇರುತ್ತಿದ್ದೀರಿ ಅಂತ ಕೇಳಿದ. ಟಿವಿ ನೋಡೋಕೆ ಹೋಗ್ತಿದ್ದೀನಿ ಅಂದೆ. ಪಾಪ, ಅವನು ಮಾರನೆಯ ದಿನ ಹಣ್ಣು ತಂದು ಕೊಟ್ಟು ಹೋದ.

ಎಲ್ಲವನ್ನೂ ನೋಡಿದೆ ಕಣೆ. ಒಂದನ್ನೂ ಬಿಡಲಿಲ್ಲ. ಪೆಂಗ್ವಿನ್ನುಗಳದ್ದು ಮೂರು ಕಾರ್ಯಕ್ರಮ ಇವೆ. ಗಂಡು ಪೆಂಗ್ವಿನ್ನು ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಎರಡು ತಿಂಗಳು ಅಲುಗಾಡದೆ ನಿಲ್ಲುತ್ತದಂತೆ. ಗುಲಗಂಜಿ ಒಮ್ಮೆ ನನಗೆ ಇದನ್ನು ಹೇಳಿದ್ದಳು. ಅದಕ್ಕೆ ಅಂಗಡಿ ಇಲ್ಲ, ನಿಲ್ಲುತ್ತೆ ಅಂದಿದ್ದೆ. ಹಾಡಿನ ಸ್ಪರ್ಧೆ ಹನ್ನೊಂದು ಕಂತು. ಅದರಲ್ಲಿ ನೀಲಿ ಕನ್ನಡಕದ ಹುಡುಗ ಸೋತ ಕಂತಿನ ನಂತರ ಅವಳು ರೆಕಾರ್ಡ್ ಮಾಡುವುದನ್ನೇ ನಿಲ್ಲಿಸಿದ್ದಾಳೆ. ನನಗೂ ಅವನೇ ಗೆಲ್ಲಬೇಕಿತ್ತು ಅನ್ನಿಸಿತು. ತೀರ್ಪುಗಾರರ ತೂಕದಲ್ಲಿ ಏನೋ ವ್ಯತ್ಯಾಸ ಇದೆ. ಕೇಕು ಮಾಡುವ ಹೆಂಗಸಿನದು ಒಂಬತ್ತು. ಆಕೆ ಎಲ್ಲವನ್ನೂ ಒಂದು ಹಿಡಿ, ಒಂದು ಚಿಟಿಕೆ ಅನ್ನುತ್ತಾಳೆ. ಒಂದು ಸಲವೂ ತೂಗುವುದಿಲ್ಲ. ಟಿವಿಯ ಎದುರು ಒಬ್ಬನೇ ಕೂತು ಆಕೆಯ ಜೊತೆ ಜಗಳ ಆಡಿದೆ.

ಪೆಟ್ಟಿಗೆಯ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ಒಂದು ಸಣ್ಣ ಹಸಿರು ಗೆರೆ ಇರುತ್ತದಲ್ಲ, ಎಷ್ಟು ನೋಡಿದೆ, ಎಷ್ಟು ಉಳಿದಿದೆ ಅಂತ ತೋರಿಸುವುದು. ಅದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಗೆರೆ ತುಂಬಿದ್ದರೆ ಪೂರ್ತಿ ನೋಡಿದ್ದು. ಅರ್ಧವಿದ್ದರೆ ಅಲ್ಲಿ ಎದ್ದು ಹೋದದ್ದು. ಒಂದು ಕಾರ್ಯಕ್ರಮಕ್ಕೆ ಮಾತ್ರ ಗೆರೆಯೇ ಇರಲಿಲ್ಲ. ಹನ್ನೆರಡು ನಿಮಿಷದ್ದು, ಅಳಿಸಬಾರದು ಅಂತ ಬೀಗದ ಚಿತ್ರ ಬೇರೆ. ಹಾಕಿ ನೋಡಿದರೆ ಮನೆಮನೆಗೆ ಸಾಮಾನು ಮಾರುವ ಚಾನೆಲ್ಲು. ಹಲ್ಲು ಕಿರಿಯುವ ಒಬ್ಬ ಗಂಡಸು ಅಂಗೈ ಅಗಲದ ಅಡುಗೆಮನೆ ತಕ್ಕಡಿ ಮಾರುತ್ತಿದ್ದಾನೆ. ಜೀವಮಾನದಲ್ಲಿ ರಿಪೇರಿಯೇ ಬೇಡ, ರಿಪೇರಿಯವನೂ ಬೇಡ ಅನ್ನುತ್ತಾನೆ.

ಆಗ ನೆನಪಾಯಿತು. ಒಂದು ಭಾನುವಾರ ಅಂಗಡಿಗೆ ಫೋನು ಮಾಡಿ, ‘ಅಪ್ಪ, ಟಿವೀಲಿ ನಿನ್ ಶತ್ರು ಬಂದಿದ್ದಾನೆ, ಹಿಡಿದಿಟ್ಟಿದ್ದೀನಿ, ಬಂದು ನೋಡು’ ಅಂದಿದ್ದಳು. ಬಂದು ನೋಡ್ತೀನಿ ಅಂದಿದ್ದೆ. ಅವಳು ಅದನ್ನು ನೋಡದೆ ನನಗಾಗಿ ಇಟ್ಟಿದ್ದಳು. ಹುಟ್ಟಿದಾಗ ಆಸ್ಪತ್ರೆಯ ತಕ್ಕಡಿ ಎರಡು ಕಿಲೋಗೆ ನೂರು ಗ್ರಾಂ ಕಡಿಮೆ ತೋರಿಸಿತು, ನಾನು ನಂಬದೆ ಅಂಗಡಿಯಿಂದ ನಮ್ಮದನ್ನೇ ಹೊತ್ತು ತಂದೆ. ನರ್ಸು ಬೈದಳು, ನೀನು ಹೊಲಿಗೆ ಹಿಡಿದುಕೊಂಡು ನಕ್ಕೆ. ನಮ್ಮದೂ ಅಷ್ಟೇ ತೋರಿಸಿತು. ಚಿನ್ನ ತೂಗುವ ಬೀಜದ ಹೆಸರು ಅವಳಿಗೆ ಬಿದ್ದದ್ದು ಅವತ್ತು. ಅಂಥವಳು ಹನ್ನೆರಡು ನಿಮಿಷ ಹಿಡಿದಿಟ್ಟಿದ್ದಳು. ಅದನ್ನು ನೋಡಲು ನಾನು ಐದು ವರ್ಷ ತೆಗೆದುಕೊಂಡೆ.

ಈಗ ನೀನು ಕೇಳಿದ್ದು.

ಪತ್ತೇದಾರಿ ಪಶುವೈದ್ಯೆಯ ಧಾರಾವಾಹಿ ಇಪ್ಪತ್ತನಾಲ್ಕು ಕಂತೂ ಸುರಕ್ಷಿತ. ನೀವಿಬ್ಬರೂ ಅದಕ್ಕೆ ಯಾಕೆ ಹಾಗೆ ಬಿದ್ದಿದ್ದಿರಿ ಅಂತ ಈಗ ತಿಳಿಯಿತು. ಊರಲ್ಲಿ ಕೊಲೆ ಆದಾಗಲೆಲ್ಲ ಆಕೆಗೆ ಸುಳಿವು ಕೊಡುವುದು ಯಾವುದೋ ಹಸುವೋ ಬೆಕ್ಕೋ. ಪೊಲೀಸಿನವನಿಗಿಂತ ಹಸುವೇ ಚೆನ್ನಾಗಿ ನಟಿಸುತ್ತದೆ. ಕೊನೆಯ ಕಂತಿನಲ್ಲಿ ಕುದುರೆ ಲಾಯದ ಯಜಮಾನನನ್ನು ಕೊಂದವರು ಯಾರು ಅಂತ ನೀನು ಔಷಧಿ ಅಂಗಡಿಯವನ ಮೇಲೆ, ಗುಲಗಂಜಿ ಯಜಮಾನನ ತಂಗಿಯ ಮೇಲೆ ಬಾಜಿ ಕಟ್ಟಿದ್ದಿರಿ. ಕುದುರೆ ಆ ವೈದ್ಯೆಯ ಟೋಪಿಯ ಮೇಲೆ ಸೀನುವಾಗ ನಮ್ಮವಳು ದಿಂಬು ಕಚ್ಚಿಕೊಂಡು ನಕ್ಕದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಗುರುತಿನ ವಿಷಯದಲ್ಲಿ ಒಂದು ತಪ್ಪಾಯಿತು, ಮುಚ್ಚಿಡುವುದಿಲ್ಲ. ನೀನು ಕೇಳಿದ್ದು ಅದು ಎಂದು ಮೊದಲ ದಿನ ಮೊದಲು ಅದನ್ನೇ ಹಾಕಿದೆ. ಬಿಟ್ಟಲ್ಲಿಂದ ಮುಂದುವರಿಸಲೋ, ಮೊದಲಿನಿಂದ ಹಾಕಲೋ ಅಂತ ಪೆಟ್ಟಿಗೆ ಕೇಳಿತು. ಪೂರ್ತಿ ಅಚ್ಚಾಗಬೇಕಲ್ಲ, ಮೊದಲಿನಿಂದ ಅಂತ ಒತ್ತಿದೆ. ಒತ್ತಿದ ಮೇಲೆ ಹಳೆಯ ಗುರುತು ಹೋಯಿತು. ಉಳಿಸುವುದಕ್ಕೆ ಓಡಿಸಲೇಬೇಕು, ಓಡಿಸಿದರೆ ಅವಳು ನಿಲ್ಲಿಸಿದ ಜಾಗ ಅಳಿಸುತ್ತದೆ. ಇದು ಯಾವ ನ್ಯಾಯದ ಯಂತ್ರವೋ. ಎರಡನೆಯದರಿಂದ ಎಚ್ಚರವಾಗಿ ಪ್ರತಿಯೊಂದರ ಗುರುತನ್ನೂ ಮೊದಲು ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಮುಟ್ಟಿದೆ. ಆ ಪುಸ್ತಕವನ್ನೂ ಕಳಿಸುತ್ತಿದ್ದೇನೆ. ಹೆಸರು, ಉದ್ದ, ಅವಳು ನಿಲ್ಲಿಸಿದ ನಿಮಿಷ, ಮೂರು ಕಾಲಂ.

ಆದರೆ ಹೆದರಬೇಡ, ಸರಿ ಮಾಡಿದ್ದೇನೆ. ‘ವೈದ್ಯೆ ಲಾಯದ ಬಾಗಿಲಲ್ಲಿ ಕೂತು ಸತ್ತವನ ಚೀಲ ಬಿಚ್ಚುವಾಗ ನಿಲ್ಲಿಸಿದೆವು, ನನಗೆ ಪ್ರೆಸ್ಸಿಗೆ ಹೊತ್ತಾಗಿತ್ತು’ ಅಂತ ನೀನು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಎಷ್ಟು ಸಲ ಹೇಳಿದ್ದೆ. ಅದು ಮೂವತ್ತೊಂದನೇ ನಿಮಿಷ. ಅಲ್ಲಿಯವರೆಗೆ ಓಡಿಸಿ ನಿಲ್ಲಿಸಿದೆ. ಈಗ ಹಸಿರು ಗೆರೆ ಅರ್ಧ ದಾಟಿ ಸರಿಯಾಗಿ ಅಲ್ಲೇ ನಿಂತಿದೆ. ನೀನಿಲ್ಲದೆ ನಾನು ನೋಡಲ್ಲ, ನಾನಿಲ್ಲದೆ ನೀನು ನೋಡಬಾರದು ಅಂತ ನಿಮ್ಮಿಬ್ಬರಲ್ಲಿ ಮಾತಾಗಿತ್ತಲ್ಲ. ನಾಲ್ಕು ವರ್ಷ ನೀನು ಆ ಮಾತು ಉಳಿಸಿಕೊಂಡಿದ್ದೀಯ. ಆ ಹತ್ತಾರು ನಿಮಿಷ ಎಲ್ಲಿಯಾದರೂ ಸಿಗುತ್ತಿತ್ತು, ನೋಡಲಿಲ್ಲ. ನಿನ್ನ ಮುಂದೆ ನಾನು ಯಾವ ಬಾಯಿಂದ ಮಾತಾಡಲಿ.

ಆ ಸಂಜೆಯ ಬಗ್ಗೆ ಹೊಸದಾಗಿ ಹೇಳಲು ಏನಿದೆ. ತಲೆನೋವು ಅಂತ ಮಲಗಿದ್ದ ಮಗುವನ್ನು ಬಿಟ್ಟು ಆರಕ್ಕೆ ಪ್ರೆಸ್ಸಿಗೆ ಹೊರಟಾಗ ನೀನು ಫೋನಿನಲ್ಲಿ ಕೇಳಿದ್ದೆ, ಆರೂವರೆಗೆ ಬರ್ತೀಯಾ ಅಂತ. ಬರ್ತೀನಿ ಅಂದೆ. ಲಾರಿ ವೇದಿಕೆಗೆ ಸೀಲು ಹಾಕಲು ಇನ್ಸ್‌ಪೆಕ್ಟರು ಬಂದಿದ್ದ, ಬಿಡಲಿಲ್ಲ. ನಾನು ಬಂದಾಗ ಒಂಬತ್ತು. ಅವಳು ನನ್ನ ಗುರುತು ಹಿಡಿಯಲಿಲ್ಲ. ಮಿದುಳಿನ ಪೊರೆಗೆ ಸೋಂಕು ಅಂದರು. ಎರಡು ಗಂಟೆ ಮುಂಚೆ ತಂದಿದ್ದರೆ ಅಂತ ಹೇಳಿ ಡಾಕ್ಟರು ಮಾತು ನಿಲ್ಲಿಸಿದರು. ನೀನು ನನ್ನ ಮುಖ ನೋಡಿದೆ. ‘ನನ್ನ ಹದಿನಾರು ವರ್ಷದ ಮಗಳು ಒಬ್ಬಳೇ ಬಿದ್ದಿದ್ದಳು, ನೀನು ತೂಕ ನೋಡ್ತಾ ಇದ್ದೆ’ ಅಂದೆ. ಆರು ತಿಂಗಳು ಅದನ್ನೇ ಹೇಳಿದೆ, ಆಮೇಲೆ ಅದನ್ನೂ ಹೇಳುವುದು ಬಿಟ್ಟು ಮನೆಯಿಂದ ಹೋದೆ. ಬರಬೇಕಾದವನು ಬರಲಿಲ್ಲ. ಅದು ನನ್ನ ಲೆಕ್ಕಕ್ಕೆ ಇರಲಿ, ನಾನು ಇಲ್ಲ ಅನ್ನುವುದಿಲ್ಲ.

ಪೆಟ್ಟಿಗೆ ಒಯ್ಯುವುದು ಸೋಮವಾರ ಸಂಜೆ ಐದಕ್ಕೆ. ಅಲ್ಲಿಯವರೆಗೆ ಅದು ಇದ್ದ ಜಾಗದಲ್ಲೇ ಇರುತ್ತದೆ. ಅಚ್ಚು ಮಾಡಿದ್ದನ್ನು ಈ ಪತ್ರದ ಜೊತೆ ಪಾರ್ಸೆಲ್ ಮಾಡಿದ್ದೇನೆ, ಯಾವ ಟಿವಿಗಾದರೂ ಸಿಕ್ಕಿಸಬಹುದು. ಆದರೆ ಅದಕ್ಕೆ ಗುರುತು ಗಿರುತು ಇರುವುದಿಲ್ಲ. ಅದೇ ಸೋಫಾದಲ್ಲಿ ಕೂತು, ಅದೇ ಗುರುತಿನಿಂದ ನೋಡಬೇಕು ಅನ್ನಿಸಿದರೆ ಭಾನುವಾರವೋ ಸೋಮವಾರವೋ ಬಾ. ನಾನು ಇರುವುದಿಲ್ಲ, ಅಂಗಡಿಯಲ್ಲಿರುತ್ತೇನೆ. ಕೀಲಿ ಮಹಡಿಯ ಮನೆಯಾಕೆಯ ಹತ್ತಿರ ಕೊಟ್ಟಿರುತ್ತೇನೆ. ರಿಮೋಟಿನ ಬ್ಯಾಟರಿ ಹೊಸದು. ದಿಂಬಿನ ಕವರು ಮಾತ್ರ ಒಗೆದಿಲ್ಲ, ಒಗೆಯಲಿಲ್ಲ ಅಂತ ಬೈಯಬೇಡ.

ನಿನ್ನ ಕಣ್ಣು ಹೇಗಿದೆ? ಸಣ್ಣಕ್ಷರದ ಕೆಲಸ ಕಡಿಮೆ ಮಾಡು ಅಂತ ಕಣ್ಣಿನ ಡಾಕ್ಟರು ಹೇಳಿದ್ದರಲ್ಲ.

ಇಂತು,
ಗುಲಗಂಜಿಯ ಅಪ್ಪ

ಮರೆತಿದ್ದು: ಮರೆತದ್ದೇನೂ ಅಲ್ಲ. ಇವತ್ತು ಬುಧವಾರ. ನಿನ್ನೆ ಪತ್ರ ಅಂಟಿಸಿ, ಪಾರ್ಸೆಲ್ಲಿಗೆ ದಾರ ಕಟ್ಟಿ, ಅಂಚೆ ಕಚೇರಿಯ ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಪುಸ್ತಕದ ಮೊದಲ ಸಾಲು ನೋಡು. ಉಳಿದ ಅರವತ್ತೆರಡು ನೀಲಿ ಶಾಯಿ, ಅದೊಂದು ಕಪ್ಪು. ನೀನು ಲಕೋಟೆ ಒಡೆದ ಐದನೇ ನಿಮಿಷಕ್ಕೆ ಅದನ್ನು ಹಿಡಿಯುತ್ತಿದ್ದೆ. ಆ ಕಂತನ್ನು ನಾನು ಹಾಕಿದ್ದು ಮೊದಲ ದಿನ ಅಲ್ಲ, ಕೊನೆಯ ದಿನ. ಮೊದಲ ಸಾಲನ್ನು ಖಾಲಿ ಬಿಟ್ಟು ಹದಿಮೂರು ದಿನ ಅದರ ಸುತ್ತ ತಿರುಗಿದೆ. ಕೈತಪ್ಪಿ ಒತ್ತಲಿಲ್ಲ. ಗುರುತು ಅಳಿಯುತ್ತದೆ ಅಂತ ಗೊತ್ತಿದ್ದೇ ಒತ್ತಿದೆ. ಸಣ್ಣ ತಪ್ಪೊಂದನ್ನು ತಾನಾಗಿ ಒಪ್ಪಿಕೊಂಡವನನ್ನು ದೊಡ್ಡದರ ಬಗ್ಗೆ ಯಾರೂ ಕೇಳುವುದಿಲ್ಲ. ಅಂಗಡಿಯಲ್ಲಿ ಕಲಿತದ್ದು ಅದು.

ಗುರುತು ಮೂವತ್ತೊಂದರಲ್ಲಿ ಇರಲಿಲ್ಲ. ಐವತ್ತೆರಡರಲ್ಲಿತ್ತು. ಕಂತು ಐವತ್ತೆಂಟು ನಿಮಿಷದ್ದು.

ಕುದುರೆ ಸೀನುವುದು ನಲವತ್ತಮೂರನೇ ನಿಮಿಷದಲ್ಲಿ. ನೀನು ಅದನ್ನು ನೋಡಿಯೇ ಇಲ್ಲ. ಹಾಗಾದರೆ ಅವಳು ನಕ್ಕದ್ದನ್ನು ನಾನು ಯಾವಾಗ ಕೇಳಿದೆ ಅಂತ ನೀನು ಆ ಸಾಲಿನಲ್ಲೇ ನಿಂತಿರುತ್ತೀಯ.

ಆರೂವರೆಗೆ ನಾನು ಬಂದಿದ್ದೆ. ಹೇಳಿದ ಹೊತ್ತಿಗೆ ಸರಿಯಾಗಿ. ಇನ್ಸ್‌ಪೆಕ್ಟರು ಅರ್ಧ ಗಂಟೆ ಬಿಡುವು ಕೊಟ್ಟಿದ್ದ. ಅವಳು ಸೋಫಾದ ಮೇಲೆ ಅಡ್ಡ ಬಿದ್ದಿದ್ದಳು. ‘ಅಪ್ಪ, ಇವತ್ತೊಂದು ದಿನ ಕೂತ್ಕೋ’ ಅಂದಳು. ಏನನ್ನಿಸಿತೋ, ಕೂತೆ. ಹದಿನಾರು ವರ್ಷದಲ್ಲಿ ಒಂದೇ ಸಲ. ಅಮ್ಮನ ಜೊತೆ ಮಾತಾಗಿದೆಯಲ್ಲ ಅಂತ ಅವಳೇ ಅನುಮಾನಿಸಿದಳು, ಅವಳೇ ತೀರ್ಮಾನ ಮಾಡಿದಳು. ‘ಅಮ್ಮಂಗೆ ಹೇಳ್ಬೇಡ. ನಾಳೆ ಅವಳ ಜೊತೆ ನೋಡುವಾಗ ಏನೂ ಗೊತ್ತಿಲ್ದೋಳ ಥರ ಇರ್ತೀನಿ. ನಿಂಗೆ ನಟನೆ ಬರಲ್ಲ, ನೀನು ಅಂಗಡಿಗೆ ಹೋಗ್ಬಿಡು’ ಅಂದಳು.

ಇಪ್ಪತ್ತೊಂದು ನಿಮಿಷ ನೋಡಿದೆವು. ಕುದುರೆ ಸೀನಿದಾಗ ನಕ್ಕಳು. ನಕ್ಕವಳೇ ಕತ್ತು ಹಿಡಿದುಕೊಂಡಳು. ಬಗ್ಗಿಸಕ್ಕಾಗಲ್ಲ ಅಪ್ಪ ಅಂದಳು. ಓರೆ ಬಿದ್ಕೊಂಡು ಟಿವಿ ನೋಡಿದ್ರೆ ಇನ್ನೇನಾಗುತ್ತೆ ಅಂದೆ. ಹಣೆ ಮುಟ್ಟಿ ನೋಡಿದೆ, ಏನಿಲ್ಲ, ಸ್ವಲ್ಪ ಬೆಚ್ಚಗಿದೆ ಅಷ್ಟೇ ಅಂದೆ. ಕೈ ಅಂದಾಜು ನಂಬಬೇಡಿ ಅಂತ ಊರಿಗೆಲ್ಲ ಹೇಳಿ ಬದುಕು ಕಟ್ಟಿದವನು ನಾನು. ಜ್ವರ ನೋಡುವ ಕಡ್ಡಿ ಎರಡು ಹೆಜ್ಜೆ ಆಚೆ ಡ್ರಾಯರಿನಲ್ಲಿತ್ತು.

ಐವತ್ತೆರಡನೇ ನಿಮಿಷಕ್ಕೆ ಅವಳೇ ನಿಲ್ಲಿಸಿದಳು. ಉಳಿದಿದ್ದು ನಾಳೆ, ದೀಪ ಕಣ್ಣು ಚುಚ್ಚುತ್ತೆ ಅಂದಳು. ನಾನು ಎದ್ದು ಹಾಲ್‌ನ ದೀಪ ಆರಿಸಿದೆ. ಹೊದಿಕೆ ಎಳೆದು ಹೊದಿಸಿದೆ. ಮಲಗು, ಬೇಗ ಬರ್ತೀನಿ ಅಂದೆ. ಮೆಟ್ಟಿಲು ಇಳಿಯುವಾಗ ನನಗೆ ಖುಷಿಯಾಗಿತ್ತು ಕಣೆ. ಮಗಳ ಜೊತೆ ಕೂತು ಬಂದೆ, ನಾನೂ ಅಂಥ ಕೆಟ್ಟ ಅಪ್ಪನೇನಲ್ಲ ಅಂತ. ಕತ್ತು, ಜ್ವರ, ಬೆಳಕು, ಈ ಮೂರರ ಬಗ್ಗೆ ಡಾಕ್ಟರು ಕೇಳಿದಾಗ ನೀನು ‘ಗೊತ್ತಿಲ್ಲ, ನಾನಿರಲಿಲ್ಲ’ ಅಂದೆ. ನಾನೂ ಅದನ್ನೇ ಹೇಳಿದೆ.

ಇಲ್ಲದೆ ಹೋದವನು ಅಂತ ನೀನು ಬೈದೆ. ಅದನ್ನು ಹೊರಬಹುದಾಗಿತ್ತು. ಇದ್ದೂ ಕಾಣದೆ ಹೋದವನು ಅಂತ ನಿನ್ನ ಬಾಯಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ನಾಲ್ಕು ವರ್ಷ ನಿನ್ನ ಸಿಟ್ಟಿಗೆ ಸುಳ್ಳು ಬಟ್ಟು ಇಟ್ಟು ತೂಗಿಸಿದೆ. ನಲವತ್ತು ವರ್ಷದಲ್ಲಿ ಒಂದು ತಕ್ಕಡಿಯ ಮುಳ್ಳನ್ನೂ ತಿದ್ದದ ಕೈ, ಮೊನ್ನೆ ಆ ಹಸಿರು ಗೆರೆಯನ್ನು ತಿದ್ದಿತು. ನೀನು ಮೂವತ್ತೊಂದರಿಂದ ನೋಡುತ್ತಿದ್ದೆ. ಕುದುರೆ ಸೀನಿದಾಗ ಪಕ್ಕದಲ್ಲಿ ಅವಳಿದ್ದಿದ್ದರೆ ಅಂತ ಅಳುತ್ತಿದ್ದೆ. ಅವಳು ನಕ್ಕಾಗಿತ್ತು ಅಂತ ನಿನಗೆ ಗೊತ್ತೇ ಆಗುತ್ತಿರಲಿಲ್ಲ.

ಅವಳ ಮಾತು ಇವತ್ತು ಮುರಿದೆ. ಅವಳು ಸರಿಯಾಗೇ ಹೇಳಿದ್ದಳು, ನನಗೆ ನಟನೆ ಬರುವುದಿಲ್ಲ. ಅವಳ ಮೇಲೆ ಮಾತ್ರ ಮುನಿಸಿಕೊಳ್ಳಬೇಡ. ನಾಳೆ ನಿನ್ನ ಜೊತೆ ಮತ್ತೆ ನೋಡುವವಳೇ ಇದ್ದಳು.

ಬೆಳಿಗ್ಗೆ ಕಂತನ್ನು ಮತ್ತೆ ಓಡಿಸಿ, ಅವಳು ನಿಲ್ಲಿಸಿದ ಐವತ್ತೆರಡರಲ್ಲೇ ನಿಲ್ಲಿಸಿದ್ದೇನೆ. ಅಚ್ಚು ಮಾಡುವಾಗ ಕೊನೆಯ ಆರು ನಿಮಿಷ ಅದನ್ನು ಅದರ ಪಾಡಿಗೆ ಓಡಲು ಬಿಟ್ಟು, ದನಿಯೂ ಕೇಳದ ಹಾಗೆ ಬಾಗಿಲು ಹಾಕಿ ಮೆಟ್ಟಿಲ ಮೇಲೆ ನಿಂತಿದ್ದೆ. ಕೊಂದದ್ದು ಔಷಧಿ ಅಂಗಡಿಯವನೋ ತಂಗಿಯೋ ನನಗೆ ಗೊತ್ತಿಲ್ಲ. ನಮ್ಮ ಮೂವರಲ್ಲಿ ಯಾರೂ ಅದನ್ನು ನೋಡಿಲ್ಲ.

ಸೋಮವಾರ ಐದರವರೆಗೆ ಪೆಟ್ಟಿಗೆ ಇರುತ್ತದೆ. ನಾನು ಅಂಗಡಿಗೆ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ. ನನ್ನ ಮುಖ ನೋಡಲು ಆಗದಿದ್ದರೆ ಒಂದು ಫೋನು ಮಾಡು, ಹೊರಗೆ ಹೋಗುತ್ತೇನೆ. ಬಂದರೆ ಒಂದು ಕೆಲಸ ಮಾಡು. ಹಾಲ್‌ನ ದೀಪ ಅವತ್ತು ಆರಿಸಿದ ಮೇಲೆ ನಾನು ಒಮ್ಮೆಯೂ ಹಾಕಿಲ್ಲ, ನೀನು ಹೋದಂದಿನಿಂದ ಅದು ಆರಿಯೇ ಇದೆ. ಸ್ವಿಚ್ಚು ನೀನೇ ಹಾಕು, ನನ್ನ ಕೈಲಿ ಆಗುತ್ತಿಲ್ಲ.